ಮೊದಲು ಸಂಖ್ಯೆ, ಆಮೇಲೆ ಡಬ್ಬಿ

ಕಿಟ್ ರೂಪದಲ್ಲಿ ಬರುವ ಲೋಹದ ವಿಮಾನದಲ್ಲಿ ದೊಡ್ಡ ಭಾಗಗಳು ಯಾರನ್ನೂ ತಬ್ಬಿಬ್ಬು ಮಾಡುವುದಿಲ್ಲ. ರೆಕ್ಕೆಯ ತೊಲೆ, ಪಕ್ಕೆಲುಬು, ಹೊದಿಕೆಯ ತಗಡು ಇವೆಲ್ಲ ಆಕಾರದಿಂದಲೇ ಗೊತ್ತಾಗುತ್ತವೆ. ತೊಡಕೆಲ್ಲ ಇರುವುದು ಅವುಗಳ ಜೊತೆ ಬರುವ ಸಣ್ಣ ಚೀಲಗಳಲ್ಲಿ: ಬೋಲ್ಟು, ನಟ್ಟು, ವಾಷರ್, ತಿರುಪು, ಸಾವಿರಾರು ರಿವೆಟ್. ಅಮೆರಿಕದ ಓರೆಗಾನ್ ರಾಜ್ಯದ ವ್ಯಾನ್ಸ್ ಏರ್‌ಕ್ರಾಫ್ಟ್ ಸಂಸ್ಥೆಯ ಆರ್‌ವಿ ವಿಮಾನಗಳನ್ನೇ ತೆಗೆದುಕೊಳ್ಳಬಹುದು. ಹವ್ಯಾಸಿಗಳ ಕೈಯಲ್ಲಿ ತಯಾರಾಗಿ ಹಾರಿದ ಆರ್‌ವಿಗಳ ಸಂಖ್ಯೆ ಹತ್ತು ಸಾವಿರ ದಾಟಿದೆ. ಬಾಲ, ರೆಕ್ಕೆ, ಒಡಲು ಎಂದು ಕಿಟ್ ಕಂತು ಕಂತಾಗಿ ಬರುತ್ತದೆ. ಪ್ರತಿ ಕಂತಿನಲ್ಲೂ ಗುರುತಿನ ಚೀಟಿಯಿರುವ ಚೀಲಗಳು ಮತ್ತು ಅವುಗಳ ಪಟ್ಟಿ ಇರುತ್ತವೆ. ಪೆಟ್ಟಿಗೆ ಮನೆಗೆ ಬಂದ ಕೂಡಲೇ ಎಲ್ಲ ಚೀಲಗಳನ್ನೂ ಬಿಚ್ಚಿ ಖಾನೆಗಳ ಡಬ್ಬಿಗೆ ಸುರಿಯುವ ರೂಢಿ ಕಟ್ಟುಗರಲ್ಲಿ ಬೇರೂರಿದೆ. ಅದರಲ್ಲಿ ಲಾಭವೂ ಇದೆ, ಗಂಭೀರವಾದ ಅಪಾಯವೂ ಇದೆ. ಅದನ್ನು ತೂಗಿ ನೋಡಲು ಆ ಭಾಗಗಳ ಸಂಖ್ಯೆಗಳು ಏನು ಹೇಳುತ್ತವೆ ಎಂಬುದು ಮೊದಲು ತಿಳಿದಿರಬೇಕು.

ಬೋಲ್ಟಿನ ಹೆಸರಿನ ಮೊದಲಿರುವ ಎಎನ್ ಎಂಬುದು ಅಮೆರಿಕದ ಭೂಸೇನೆ ಮತ್ತು ನೌಕಾಪಡೆಗಳ ಜಂಟಿ ಮಾನಕದ ಗುರುತು. ಎಎನ್3-5ಎ ಎಂದರೆ ದಪ್ಪ 3/16 ಇಂಚು, ಉದ್ದ ಸುಮಾರು 5/8 ಇಂಚು. ಕೊನೆಯ ಎ, ಬೋಲ್ಟಿನ ಮೈಯಲ್ಲಿ ಕಾಟರ್ ಪಿನ್ನಿಗೆ ತೂತಿಲ್ಲ ಎನ್ನುತ್ತದೆ. ಉದ್ದದ ಲೆಕ್ಕ 7ರವರೆಗೆ ಎಂಟನೆಯ ಒಂದರಂತೆ ಏರಿ, ಅಲ್ಲಿಂದ ನೇರವಾಗಿ 10ಕ್ಕೆ ಜಿಗಿಯುತ್ತದೆ. 10 ಎಂದರೆ ಒಂದು ಇಂಚು, 11 ಎಂದರೆ ಒಂದು ಇಂಚು ಮತ್ತು ಎಂಟನೆಯ ಒಂದು. ಆದ್ದರಿಂದ ಎಎನ್3-8 ಎಂಬ ಬೋಲ್ಟನ್ನು ಹುಡುಕಿದರೆ ಸಿಗುವುದಿಲ್ಲ. ಮಾಮೂಲಿ ಉಕ್ಕಿನ ಎಎನ್ ಬೋಲ್ಟಿನ ತಲೆಯ ಮೇಲೆ ಅಡ್ಡಗೀಟಿನ ಶಿಲುಬೆ ಅಥವಾ ನಕ್ಷತ್ರದಂಥ ಗುರುತಿರುತ್ತದೆ. ತುಕ್ಕು ಹಿಡಿಯದ ಉಕ್ಕಿಗೆ ಒಂದು ಗೀಟು, ಅಲ್ಯೂಮಿನಿಯಂಗೆ ಎರಡು. ತಲೆಯನ್ನು ನೋಡಿದರೆ ಲೋಹ ತಿಳಿಯುತ್ತದೆ, ಉದ್ದ ತಿಳಿಯುವುದಿಲ್ಲ. 4ಎ ಮತ್ತು 5ಎ ಬೋಲ್ಟುಗಳ ನಡುವಿನ ವ್ಯತ್ಯಾಸ ಮೂರು ಮಿಲಿಮೀಟರು ಚಿಲ್ಲರೆ. ಬೇರೆ ಬೇರೆ ಇಟ್ಟಾಗ ಎರಡೂ ಒಂದೇ ಎನಿಸುತ್ತವೆ, ಪಕ್ಕಪಕ್ಕ ಹಿಡಿದಾಗ ಮಾತ್ರ ಬೇರೆಯೆಂದು ಕಾಣುತ್ತವೆ.

ಬೋಲ್ಟಿಗಿಂತ ಅದರ ಸಂಗಾತಿಗಳು ಹೆಚ್ಚು ಗೊಂದಲ ಹುಟ್ಟಿಸುತ್ತವೆ. ಎಎನ್3 ಬೋಲ್ಟಿಗೆ ಹೊಂದುವ ವಾಷರ್ ಎಎನ್960-10, ನಟ್ಟು ಎಎನ್365-1032. ಬೋಲ್ಟು ತನ್ನ ದಪ್ಪವನ್ನು ಹದಿನಾರನೆಯ ಭಾಗಗಳಲ್ಲಿ ಹೇಳಿದರೆ, ವಾಷರ್ 10ನೇ ನಂಬರಿನ ತಿರುಪಿನ ಅಳತೆಯನ್ನು ಹೇಳುತ್ತದೆ. ನಟ್ಟು ಆ ಅಳತೆಯ ಜೊತೆಗೆ ಇಂಚಿಗೆ 32 ಎಳೆ ಎಂಬುದನ್ನೂ ಸೇರಿಸುತ್ತದೆ. ಒಂದೇ ಜೋಡಣೆಯ ಮೂರು ಭಾಗಗಳಿಗೆ ಮೂರು ಬಗೆಯ ಲೆಕ್ಕ. ಸಾಲದ್ದಕ್ಕೆ ಹಳೆಯ ಮಾನಕದ ಜಾಗಕ್ಕೆ ಹೊಸದು ಬಂದಿದೆ: ಎಎನ್960-10 ಈಗ ಎನ್‌ಎಎಸ್1149ಎಫ್0363ಪಿ. ಹೊಸ ಹೆಸರು ಉದ್ದವಾದರೂ ಹೆಚ್ಚು ಪ್ರಾಮಾಣಿಕ, ಏಕೆಂದರೆ ಅದರಲ್ಲಿನ 63 ಎಂಬುದು ವಾಷರಿನ ಮಂದವನ್ನು ಇಂಚಿನ ಸಾವಿರನೆಯ ಭಾಗಗಳಲ್ಲಿ ಕೊಡುತ್ತದೆ. ತೆಳು ವಾಷರಿನಲ್ಲಿ ಅದೇ ಜಾಗದಲ್ಲಿ 32 ಇರುತ್ತದೆ. ನಕ್ಷೆಯಲ್ಲಿ ಹಳೆಯ ಹೆಸರು, ಚೀಲದ ಮೇಲೆ ಹೊಸ ಹೆಸರು ಇದ್ದಾಗ ಭಾಗವೇ ಬಂದಿಲ್ಲವೆಂದು ಹೊಸಬರು ಗಾಬರಿಯಾಗುವುದುಂಟು. ನಟ್ಟುಗಳಲ್ಲೂ ಇಂಥದೇ ಜೋಡಿಯಿದೆ. ಎಎನ್365 ಎತ್ತರದ ನಟ್ಟು, ಎಎನ್364 ಗಿಡ್ಡ ನಟ್ಟು. ಎಳೆ ಎರಡರದೂ ಒಂದೇ, ಒಳಗಿನ ನೈಲಾನ್ ಬಳೆಯೂ ಒಂದೇ. ಆದರೆ 10-32 ಅಳತೆಯಲ್ಲಿ ಮೊದಲನೆಯದನ್ನು 20ರಿಂದ 25 ಇಂಚು-ಪೌಂಡಿನವರೆಗೆ ಬಿಗಿಯಬೇಕು, ಎರಡನೆಯದನ್ನು 12ರಿಂದ 15ರವರೆಗೆ ಮಾತ್ರ. ಒಂದರ ಖಾನೆಗೆ ಇನ್ನೊಂದು ಸೇರಿತೆಂದರೆ ಬಿಗಿಯುವ ಲೆಕ್ಕವೇ ತಪ್ಪುತ್ತದೆ.

ರಿವೆಟ್‌ಗಳ ವಿಷಯವನ್ನು ಇನ್ನಷ್ಟು ಹತ್ತಿರದಿಂದ ನೋಡಬೇಕು. ಎಎನ್470ಎಡಿ4-4 ಎಂಬಲ್ಲಿ 470 ಉಬ್ಬುತಲೆಯನ್ನೂ, ಎಡಿ 2117 ಮಿಶ್ರಲೋಹವನ್ನೂ ಸೂಚಿಸುತ್ತವೆ. ಮೊದಲ 4 ಮೂವತ್ತೆರಡನೆಯ ಭಾಗಗಳಲ್ಲಿ ದಪ್ಪ, ಎರಡನೆಯ 4 ಹದಿನಾರನೆಯ ಭಾಗಗಳಲ್ಲಿ ಉದ್ದ. ಬೋಲ್ಟಿನ ಉದ್ದ ಎಂಟನೆಯ ಭಾಗಗಳಲ್ಲಿದ್ದರೆ ರಿವೆಟ್ಟಿನದು ಹದಿನಾರನೆಯ ಭಾಗಗಳಲ್ಲಿದೆ ಎಂಬುದನ್ನು ಮರೆಯುವಂತಿಲ್ಲ. ಉಬ್ಬುತಲೆಯ ರಿವೆಟ್ಟನ್ನು ತಲೆಯ ಕೆಳಗಿನಿಂದ ಅಳೆಯುತ್ತಾರೆ. ತಗಡಿನ ಮಟ್ಟಕ್ಕೆ ಕೂರುವ ಎಎನ್426 ರಿವೆಟ್ಟನ್ನು ತಲೆಯೂ ಸೇರಿದಂತೆ ಅಳೆಯುತ್ತಾರೆ. ಎಎನ್426ಎಡಿ3-3 ಮತ್ತು 3-3.5 ಇವೆರಡರ ಉದ್ದದ ಅಂತರ ಒಂದು ಮಿಲಿಮೀಟರೂ ಇಲ್ಲ. ಅಂಗೈ ಮೇಲೆ ಹಾಕಿಕೊಂಡು ಎಷ್ಟು ನೋಡಿದರೂ ಕಣ್ಣಿಗೆ ನಿಲುಕದ ಅಂತರ ಅದು; ಕ್ಯಾಲಿಪರ್ ಹಿಡಿಯಲೇಬೇಕು. ರಿವೆಟ್ ಗಿಡ್ಡವಾದರೆ ಹಿಂಬದಿಯಲ್ಲಿ ತಲೆ ಸರಿಯಾಗಿ ಮೂಡುವುದಿಲ್ಲ, ಉದ್ದವಾದರೆ ಹೊಡೆಯುವಾಗ ಮಡಚಿಕೊಳ್ಳುತ್ತದೆ. ತಲೆಯ ನಡುವಿನ ಪುಟ್ಟ ಕುಳಿ ಎಡಿ ಮಿಶ್ರಲೋಹದ ಗುರುತು. ಆ ಕುಳಿಯಿಲ್ಲದ ನುಣುಪು ತಲೆಯದು ಬಹುತೇಕ ಶುದ್ಧ ಅಲ್ಯೂಮಿನಿಯಂನ ಮೆತ್ತನೆಯ ರಿವೆಟ್. ಭಾರ ಹೊರುವ ಜಾಗದಲ್ಲಿ ಅದಕ್ಕೆ ಕೆಲಸವಿಲ್ಲ.

ಈಗ ರೂಢಿಯ ವಿಚಾರಕ್ಕೆ ಬರಬಹುದು. ಚೀಲ ಬಿಚ್ಚಿ ಡಬ್ಬಿಗೆ ಸುರಿಯುವುದರ ಲಾಭ ಸ್ಪಷ್ಟವಾಗಿದೆ. ಒಂದೇ ಬಗೆಯ ಬೋಲ್ಟು ಹಲವು ಕಂತುಗಳಲ್ಲಿ, ಹಲವು ಚೀಲಗಳಲ್ಲಿ ಹಂಚಿಹೋಗಿರುತ್ತದೆ. ಅದೆಲ್ಲ ಒಂದೇ ಖಾನೆಗೆ ಬಂದರೆ ಕೆಲಸದ ನಡುವೆ ಚೀಲ ತಡಕಾಡುವುದು ತಪ್ಪುತ್ತದೆ. ಯಾವುದು ಮುಗಿಯುತ್ತಾ ಬಂದಿದೆ ಎಂಬುದು ಒಂದೇ ನೋಟಕ್ಕೆ ಗೊತ್ತಾಗುತ್ತದೆ. ಈ ಅನುಕೂಲವನ್ನು ಕಡೆಗಣಿಸುವಂತಿಲ್ಲ. ಆದರೆ ಚೀಲವೆಂದರೆ ಬರೀ ಹೊದಿಕೆಯೆಂದು ತಿಳಿಯುವುದು ತಪ್ಪು. ಒಂದು ಚೀಲದಲ್ಲಿ ನಾಲ್ಕೈದು ಬಗೆಯ ಭಾಗಗಳು ಕಲೆತಿದ್ದರೂ ಆ ನಾಲ್ಕೈದರ ಹೆಸರುಗಳು ಪಟ್ಟಿಯಲ್ಲಿರುತ್ತವೆ. ಕೈಯಲ್ಲಿರುವ ವಾಷರ್ ಆ ಪೈಕಿ ಯಾವುದು ಎಂಬುದು ಸುಲಭದ ಪ್ರಶ್ನೆ. ಅದೇ ವಾಷರ್ ಮೇಜಿನ ಮೇಲಿನ ರಾಶಿಗೆ ಬಿದ್ದಮೇಲೆ ಇಡೀ ವಿಮಾನದಲ್ಲಿರುವ ಯಾವ ವಾಷರಾದರೂ ಅದಾಗಿರಬಹುದು. ನೋಟದ ಹೋಲಿಕೆಯನ್ನೇ ನಂಬಿ ವಿಂಗಡಿಸಿದ ಡಬ್ಬಿ ಅಚ್ಚುಕಟ್ಟಾಗಿ ಕಂಡರೂ ಅದು ಸುಳ್ಳು ಹೇಳುವ ಡಬ್ಬಿ.

ಹೀಗಾಗಿ ಸರಿಯಾದ ಕ್ರಮ ಒಂದೇ. ಒಂದು ಸಲಕ್ಕೆ ಒಂದೇ ಚೀಲ ಬಿಚ್ಚಬೇಕು. ಪಟ್ಟಿಯೆದುರು ಒಂದೊಂದನ್ನೂ ಅಳೆದು, ಎಣಿಸಿ, ಗುರುತು ಹಾಕಬೇಕು. ಆ ಬಳಿಕವೇ ಅದು ತನ್ನ ಖಾನೆಗೆ ಹೋಗಬೇಕು. ನಿಧಾನದ ಕೆಲಸವೆಂಬ ದೂರು ನಿಜ, ಆದರೆ ಆ ನಿಧಾನಕ್ಕೆ ಪೂರಾ ಬೆಲೆಯಿದೆ. ಕಾರ್ಖಾನೆಯಲ್ಲಾದರೆ ಉಗ್ರಾಣದವರು ಒಬ್ಬರು, ಜೋಡಿಸುವವರು ಇನ್ನೊಬ್ಬರು, ತಪಾಸಣೆಯವರು ಮತ್ತೊಬ್ಬರು. ವಿಮಾನದ ಬಹುಪಾಲು ಕೆಲಸವನ್ನು ಹವ್ಯಾಸಿಯೇ ಮಾಡಿರಬೇಕೆಂಬ ಅಮೆರಿಕದ ನಿಯಮ, ಅಂದರೆ 51 ಪ್ರತಿಶತದ ನಿಯಮವೆಂದು ಹೆಸರಾಗಿರುವುದು, ಈ ಮೂರೂ ಹೊಣೆಗಳನ್ನು ಒಬ್ಬರ ಹೆಗಲಿಗೇ ತಂದು ಹಾಕುತ್ತದೆ. ಉಗ್ರಾಣದ ಕೆಲಸವನ್ನು ಅವಸರದಲ್ಲಿ ಮುಗಿಸಿದರೆ ಉಳಿದೆರಡು ಕೆಲಸಗಳಿಗೂ ಆಧಾರವಿರುವುದಿಲ್ಲ. ರಿವೆಟ್‌ಗಳನ್ನು ಮಾತ್ರ ಎಣಿಸುತ್ತಾ ಕೂರಬೇಕಿಲ್ಲ. ಅವು ಬರುವುದೇ ತೂಕದ ಲೆಕ್ಕದಲ್ಲಿ, ಗ್ರಾಂ ತೋರಿಸುವ ತಕ್ಕಡಿಯೊಂದು ಸಾಕು.

ಡಬ್ಬಿಯ ಆಯ್ಕೆಗೆ ಹೆಚ್ಚು ತಲೆ ಕೆಡಿಸಿಕೊಳ್ಳುವವರಿದ್ದಾರೆ, ಅಷ್ಟು ಬೇಕಿಲ್ಲ. ಒಂದು ದೋಷವನ್ನು ಮಾತ್ರ ನೋಡಿಕೊಳ್ಳಬೇಕು. ಅಗ್ಗದ ಡಬ್ಬಿಗಳಲ್ಲಿ ಮುಚ್ಚಳಕ್ಕೂ ಖಾನೆಗಳ ಗೋಡೆಗೂ ನಡುವೆ ಸಂದಿ ಉಳಿದಿರುತ್ತದೆ. ಹಿಡಿಕೆ ಹಿಡಿದು ಡಬ್ಬಿಯನ್ನು ನಿಲ್ಲಿಸಿ ಒಯ್ಯುವಾಗ ತೆಳು ವಾಷರುಗಳು ಆ ಸಂದಿಯಲ್ಲಿ ಜಾರಿ ಪಕ್ಕದ ಖಾನೆ ಸೇರುತ್ತವೆ. ತೆಳು ವಾಷರಿನ ಪಕ್ಕದಲ್ಲಿ ದಪ್ಪ ವಾಷರನ್ನು ಇಟ್ಟಿದ್ದರಂತೂ ಅದು ಗೊತ್ತೇ ಆಗುವುದಿಲ್ಲ. ಆದ್ದರಿಂದ ಒಂದನ್ನೊಂದು ಹೋಲುವ ಭಾಗಗಳನ್ನು ದೂರ ದೂರ ಇಡುವುದೇ ಮೇಲು, ಅಂಕಿಗಳ ಅನುಕ್ರಮ ಕೆಟ್ಟರೂ ಚಿಂತೆಯಿಲ್ಲ. ಖಾನೆಯ ಚೀಟಿಯಲ್ಲಿ ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಇಂಚಿನ ಅಳತೆ ಮೂರೂ ಇರಬೇಕು. ಚೀಟಿ ಮುಚ್ಚಳದ ಮೇಲಿದ್ದರೆ ಸಾಲದು, ಮುಚ್ಚಳ ಅದಲುಬದಲಾಗುತ್ತದೆ. ಖಾನೆಯೊಳಗೂ ಒಂದು ತುಂಡು ಕಾಗದವಿರಲಿ. ಕಿಟ್ಟಿನ ಮೂಲ ಚೀಟಿಯನ್ನೇ ಕತ್ತರಿಸಿ ಹಾಕಿದರೆ ಕೈಬರಹದ ತಪ್ಪಿಗೂ ಅವಕಾಶವಿಲ್ಲ.

ಹೆಸರು ಸಿಗದ ಭಾಗಗಳಿಗೆ ಪ್ರತ್ಯೇಕ ಡಬ್ಬಿ ಬೇಕು, ಅದರಿಂದ ಯಾವುದೂ ವಿಮಾನಕ್ಕೆ ಹೋಗಬಾರದು. ಹಾರ್ಡ್‌ವೇರ್ ಅಂಗಡಿಯಿಂದ ತಂದ ಬೋಲ್ಟುಗಳನ್ನು ಅದೇ ಮೇಜಿನ ಮೇಲೆ ಇಡಲೂ ಬಾರದು. ಸತುವಿನ ಲೇಪದ ಆ ಹಳದಿ ಹೊಳಪು ಕ್ಯಾಡ್ಮಿಯಂ ಲೇಪದ ಎಎನ್ ಬೋಲ್ಟಿನಂತೆಯೇ ಕಾಣುತ್ತದೆ. ಕೆಲಸದ ನಡುವೆ ನೆಲಕ್ಕೆ ಬಿದ್ದ ರಿವೆಟ್ಟನ್ನು ಅಳೆಯದೆ ಖಾನೆಗೆ ಮರಳಿಸಬಾರದು. ಅಳೆಯಲು ಬೇಸರವಾದರೆ ಅದನ್ನು ಕಸಕ್ಕೆ ಹಾಕುವುದೇ ಸರಿ, ಒಂದು ರಿವೆಟ್ಟಿಗೆ ಹೆಚ್ಚೇನೂ ಬೆಲೆಯಿಲ್ಲ.