ಮೊದಲು ಕೇಳಿದ ನೆನಪು: ‘ಬ್ಲೀಚ್’ ಧ್ವನಿಮುದ್ರಿಕೆ ಮತ್ತು ಅದರ ಅಭಿಮಾನಿಗಳು

ಕೃತಿಯೊಂದನ್ನು ಮನಸಾರೆ ಮೆಚ್ಚಿದವರು ಅದರ ಗುಣದೋಷಗಳನ್ನು ಹೇಳುವ ಮೊದಲು ಅದು ತಮಗೆ ದೊರೆತ ಬಗೆಯನ್ನು ಹೇಳುತ್ತಾರೆ. ಯಾವ ವಯಸ್ಸಿನಲ್ಲಿ, ಯಾರ ಕೈಯಿಂದ, ಯಾವ ಅಂಗಡಿಯ ಯಾವ ಮೂಲೆಯಲ್ಲಿ ದೊರೆಯಿತು ಎಂಬ ವಿವರ ಅವರಿಗೆ ಕೃತಿಯಷ್ಟೇ ಪ್ರಿಯ. ವಿಮರ್ಶೆಯು ಇಂಥ ಮಾತುಗಳನ್ನು ಆತ್ಮೀಯ ಹರಟೆಯೆಂದು ಬದಿಗಿರಿಸುವುದು ರೂಢಿ. ಆದರೆ ಮೊದಲ ಸಲ ಕೇಳಿದ ನೆನಪು ಕೃತಿಯ ಅರ್ಥವನ್ನೇ ಬದಲಿಸಬಲ್ಲುದಾದರೆ ಅದನ್ನು ಬದಿಗಿರಿಸುವುದು ಹೇಗೆ? ಈ ಪ್ರಶ್ನೆಯನ್ನು ಪರಿಶೀಲಿಸಲು ನಾವು ಒಂದು ಸಂಗೀತಕೃತಿಯನ್ನು ಆರಿಸಿಕೊಂಡಿದ್ದೇವೆ. ಅಮೆರಿಕದ ನಿರ್ವಾಣ ತಂಡವು 1989ರ ಜೂನ್ ತಿಂಗಳಲ್ಲಿ ಹೊರತಂದ ಮೊದಲ ಧ್ವನಿಮುದ್ರಿಕೆ ‘ಬ್ಲೀಚ್’ ಆ ಕೃತಿ. ಅದನ್ನು ಕಂಡುಕೊಂಡವರ ನೆನಪುಗಳು ಹೇರಳ. ಅವು ಒಂದನ್ನೊಂದು ಒಪ್ಪುವುದೂ ಇಲ್ಲ. ವಿಮರ್ಶೆಗೆ ಕೆಲಸವಿರುವುದು ಅಲ್ಲಿಯೇ.

ಮೊದಲು ಕೃತಿಯ ಹುಟ್ಟನ್ನು ಕುರಿತು ಕೆಲವು ಮಾತು. ವಾಷಿಂಗ್ಟನ್ ರಾಜ್ಯದ ಅಬರ್ಡೀನ್ ಮರದ ಉದ್ದಿಮೆಯನ್ನು ನೆಚ್ಚಿ ಬದುಕಿದ ಸಣ್ಣ ಊರು. ತಂಡದ ಗಾಯಕ ಕರ್ಟ್ ಕೊಬೇನ್ ಆ ಊರಿನವರು. ಬಾಸ್ ಗಿಟಾರ್ ನುಡಿಸಿದ ಕ್ರಿಸ್ಟ್ ನೊವೊಸೆಲಿಚ್ ಹದಿಹರೆಯದಲ್ಲಿ ಅಲ್ಲಿಗೆ ಬಂದು ನೆಲೆಸಿದವರು. ಡ್ರಮ್ಸ್ ನುಡಿಸಿದವರು ಚ್ಯಾಡ್ ಚ್ಯಾನಿಂಗ್. ಸಿಯಾಟಲ್ ನಗರದ ಒಂದು ಚಿಕ್ಕ ಸ್ಟುಡಿಯೋದಲ್ಲಿ, ಎಂಟು ಟ್ರ್ಯಾಕ್‌ಗಳ ಯಂತ್ರದಲ್ಲಿ, ಜ್ಯಾಕ್ ಎಂಡಿನೊ ಇದನ್ನು ಮುದ್ರಿಸಿಕೊಂಡರು. ಒಟ್ಟು 30 ಗಂಟೆಗಳ ಕೆಲಸ. ಖರ್ಚು 606 ಡಾಲರ್ 17 ಸೆಂಟ್. ಪ್ರಕಟಿಸಿದ್ದು ಸಬ್ ಪಾಪ್ ಎಂಬ ಆ ನಗರದ ಸಣ್ಣ ಸಂಸ್ಥೆ. ಮೊದಲ ಸಾವಿರ ತಟ್ಟೆಗಳು ಬಿಳಿಯ ಬಣ್ಣದವಾಗಿದ್ದವು. ಪಂಕ್ ಸಂಗೀತದ ಒರಟುತನವನ್ನೂ ಹೆವಿ ಮೆಟಲ್‌ನ ಭಾರವನ್ನೂ ಬೆರೆಸಿಕೊಂಡು, ತಂತಿಗಳ ಶ್ರುತಿಯನ್ನು ಕೆಳಗಿಳಿಸಿ, ಗಿಟಾರಿನ ನಾದವನ್ನು ಬೇಕೆಂದೇ ಕದಡಿ ನುಡಿಸುವ ಈ ಬಗೆಗೆ ಗ್ರಂಜ್ ಎಂಬ ಹೆಸರು ಆಗತಾನೇ ಅಂಟಿಕೊಳ್ಳುತ್ತಿತ್ತು.

ಅಭಿಮಾನಿಗಳ ನೆನಪುಗಳನ್ನು ನಾವು ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು, ಲೋಕಕ್ಕೆ ತಿಳಿಯುವ ಮೊದಲೇ ತಿಳಿದಿದ್ದವರ ನೆನಪು. ಸ್ಥಳೀಯ ರೇಡಿಯೋದಲ್ಲಿ, ಗೆಳೆಯನೊಬ್ಬ ನಕಲು ಮಾಡಿಕೊಟ್ಟ ಕ್ಯಾಸೆಟ್ಟಿನಲ್ಲಿ, ನೂರು ಜನ ಸೇರಿದರೆ ತುಂಬಿಹೋಗುವ ಸಭಾಂಗಣದಲ್ಲಿ ಕೇಳಿದವರು ಇವರು. ಇವರ ಮಾತಿನಲ್ಲಿ ‘ಬ್ಲೀಚ್’ ಒಂದು ರಹಸ್ಯ. ಸಂಖ್ಯೆಯನ್ನು ನೋಡಿದರೆ ಈ ಗುಂಪು ಬಹಳ ಚಿಕ್ಕದು. ತಂಡದ ಎರಡನೆಯ ಧ್ವನಿಮುದ್ರಿಕೆ ‘ನೆವರ್‌ಮೈಂಡ್’ 1991ರ ಸೆಪ್ಟೆಂಬರಿನಲ್ಲಿ ಬರುವವರೆಗೆ ‘ಬ್ಲೀಚ್’ ಸುಮಾರು 40,000 ಪ್ರತಿ ಮಾರಾಟವಾಗಿತ್ತು. 1995ರಲ್ಲಿ ಅಮೆರಿಕದಲ್ಲಿ ಅದಕ್ಕೆ ದೊರೆತ ಪ್ಲಾಟಿನಮ್ ಮನ್ನಣೆ ಹತ್ತು ಲಕ್ಷ ಪ್ರತಿಗಳ ಗುರುತು. ಎಂದರೆ ಅದನ್ನು ಕೊಂಡ 25 ಮಂದಿಯಲ್ಲಿ ಹೆಚ್ಚೆಂದರೆ ಒಬ್ಬರು ಮಾತ್ರ ಮೊದಲೇ ಬಂದವರು. ಆದರೂ ಈ ಧ್ವನಿಮುದ್ರಿಕೆಯ ಸುತ್ತ ಬೆಳೆದ ಕಥೆ ಆ ಒಬ್ಬರದು. ತಡವಾಗಿ ಬಂದ 24 ಮಂದಿ ತಮ್ಮ ನೆನಪನ್ನು ಸ್ವಲ್ಪ ಸಂಕೋಚದಿಂದಲೇ ಹೇಳಿಕೊಳ್ಳುತ್ತಾರೆ.

ನಮ್ಮ ದೃಷ್ಟಿಯಲ್ಲಿ ಈ ಸಂಕೋಚಕ್ಕೆ ಕಾರಣವಿಲ್ಲ. ಎರಡನೆಯ ಬಗೆಯ ನೆನಪು, ಎಂದರೆ ಹಿಮ್ಮುಖವಾಗಿ ಬಂದವರ ನೆನಪು, ವಿಮರ್ಶೆಗೆ ಹೆಚ್ಚು ಬೆಲೆಯುಳ್ಳದ್ದು. 1992ರ ಜನವರಿಯಲ್ಲಿ ‘ನೆವರ್‌ಮೈಂಡ್’ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೇರಿತು. ಅದನ್ನು ಕೇಳಿ ಮರುಳಾದ ಹುಡುಗ ಹುಡುಗಿಯರು ಅಂಗಡಿಗೆ ಹೋಗಿ ಇದೇ ತಂಡದ ಬೇರೆ ಏನಿದೆ ಎಂದು ಕೇಳಿದಾಗ ಅವರ ಕೈಗೆ ಬಂದದ್ದು ಕಪ್ಪು ಬಿಳುಪಿನ, ಛಾಯಾಚಿತ್ರದ ನೆಗೆಟಿವ್ ಅನ್ನೇ ಮುದ್ರಿಸಿದ ಒಂದು ಹೊದಿಕೆ. ಆ ವರ್ಷ ‘ಬ್ಲೀಚ್’ ಕೂಡ ಅದೇ ಪಟ್ಟಿಯಲ್ಲಿ 89ನೆಯ ಸ್ಥಾನದವರೆಗೆ ಏರಿತು. ಈ ಕೇಳುಗರ ನೆನಪುಗಳಲ್ಲಿ ಪದೇ ಪದೇ ಕಾಣಿಸುವ ಮಾತೆಂದರೆ ಮೊದಲ ನಿರಾಶೆ. ಬಯಸಿದ ಹೊಳಪು ಅಲ್ಲಿರಲಿಲ್ಲ. ರಾಗಕ್ಕಿಂತ ಭಾರ ಹೆಚ್ಚು, ಹಾಡಿಗಿಂತ ಕೂಗು ಹೆಚ್ಚು ಎನಿಸಿತು. ಕೊಟ್ಟ ಹಣಕ್ಕಾಗಿ ಮತ್ತೆ ಮತ್ತೆ ಹಾಕಿ ಕೇಳಿದರು; ಹತ್ತನೆಯ ಸಲವೋ ಇಪ್ಪತ್ತನೆಯ ಸಲವೋ ಅದು ತೆರೆದುಕೊಂಡಿತು. ಪುಸ್ತಕದಂಗಡಿ ದೂರವಿರುವ ನಮ್ಮ ಗಡಿನಾಡಿನ ಓದುಗರಿಗೆ ಈ ಅನುಭವ ಹೊಸದೇನಲ್ಲ. ಒಬ್ಬ ಕವಿಯನ್ನು ಪ್ರಕಟಣೆಯ ಕ್ರಮದಲ್ಲಿ ಓದುವ ಭಾಗ್ಯ ನಮ್ಮಲ್ಲಿ ಬಹಳ ಮಂದಿಗೆ ಇರಲಿಲ್ಲ. ಪಕ್ವ ಕೃತಿ ಮೊದಲು, ಎಳೆಯ ಕೃತಿ ಅನಂತರ ದೊರೆಯಿತು. ಹೀಗೆ ತಡವಾಗಿ ಬಂದ ಓದು ಕೀಳಾದ ಓದಲ್ಲ. ಫಲವನ್ನು ಬಲ್ಲವನು ಮೊಳಕೆಯಲ್ಲಿ ಕಾಣುವ ಸಂಗತಿಗಳು ಬೇರೆಯೇ ಆಗಿರುತ್ತವೆ.

ಮೂರನೆಯ ಬಗೆಯ ನೆನಪು 1994ರ ಏಪ್ರಿಲ್ ತಿಂಗಳಲ್ಲಿ, 27ರ ವಯಸ್ಸಿನಲ್ಲಿ, ಕೊಬೇನ್ ತಮ್ಮ ಜೀವವನ್ನು ತಾವೇ ಕಳೆದುಕೊಂಡ ಅನಂತರ ಬಂದವರದು. ಇವರಿಗೆ ‘ಬ್ಲೀಚ್’ನ ಪ್ರತಿಯೊಂದು ಕೂಗೂ ಮುನ್ಸೂಚನೆಯಾಗಿ ಕೇಳಿಸಿತು. ಅವರ ದುಃಖವನ್ನು ನಾವು ಗೌರವಿಸುತ್ತೇವೆ. ಆದರೆ ಈ ಕೇಳುವಿಕೆಯನ್ನು ಒಪ್ಪಲಾರೆವು. ಧ್ವನಿಮುದ್ರಿಕೆಯನ್ನು ಜಾತಕದಂತೆ ಓದಿದಾಗ ಅದರಲ್ಲಿರುವ ನಗು ಕಾಣೆಯಾಗುತ್ತದೆ. ‘ಫ್ಲಾಯ್ಡ್ ದಿ ಬಾರ್ಬರ್’ ಎಂಬ ಹಾಡು ಅಮೆರಿಕದ ಮನೆಮನೆಯಲ್ಲಿ ನೋಡುತ್ತಿದ್ದ ಹಳೆಯ ಟೆಲಿವಿಷನ್ ಧಾರಾವಾಹಿಯೊಂದರ ಸಾಧು ಕ್ಷೌರಿಕನನ್ನು ಕೊಲೆಗಡುಕನನ್ನಾಗಿ ಮಾಡಿ ಆಡಿದ ಕರಾಳ ಹಾಸ್ಯ. ‘ಸ್ವ್ಯಾಪ್ ಮೀಟ್’ ಹಳೆಯ ಸಾಮಾನುಗಳ ಸಂತೆಯಲ್ಲಿ ವ್ಯಾಪಾರ ಮಾಡುವ ದಂಪತಿಯ ಚಿತ್ರ. ‘ಮಿಸ್ಟರ್ ಮಸ್ಟಾಶ್’ ಮೀಸೆಯ ಗಂಡಸುತನದ ಅಣಕ. ‘ಪೇಪರ್ ಕಟ್ಸ್’ನಲ್ಲಿ ಮಾತ್ರ ಮಕ್ಕಳನ್ನು ಕೋಣೆಯಲ್ಲಿ ಕೂಡಿಹಾಕಿದ ಮನೆಯ ಭೀಕರ ನೋಟವಿದೆ; ಅದೂ ತನ್ನ ನೋವಿನ ಕಥನವಲ್ಲ, ಊರಿನ ಕಥೆ. ಬಹುಪಾಲು ಸಾಹಿತ್ಯವನ್ನು ಧ್ವನಿಮುದ್ರಣದ ಹಿಂದಿನ ರಾತ್ರಿ ಬರೆದುಕೊಂಡೆನೆಂದು ಕೊಬೇನ್ ಅವರೇ ಮುಂದೆ ಹೇಳಿದ್ದುಂಟು. ಇದು ಇಪ್ಪತ್ತೊಂದರ ತರುಣನೊಬ್ಬ ಸಣ್ಣ ಊರಿನ ಮೇಲೆ ಸಿಟ್ಟನ್ನೂ ಗೇಲಿಯನ್ನೂ ಒಟ್ಟಿಗೆ ಸುರಿದ ಕೃತಿ. ಅಂತ್ಯವನ್ನು ಬಲ್ಲವರ ಕಿವಿಗೆ ಸಿಟ್ಟು ಮಾತ್ರ ಉಳಿದು ಗೇಲಿ ಸೋರಿಹೋಗುವುದು ಕೃತಿಗೆ ಆದ ಅನ್ಯಾಯ.

ನೆನಪುಗಳು ಒಪ್ಪದಿರುವುದಕ್ಕೆ ಇನ್ನೊಂದು ಸರಳ ಕಾರಣವೂ ಉಂಟು: ಎಲ್ಲರ ಕೈಗೂ ಬಂದದ್ದು ಒಂದೇ ವಸ್ತುವಲ್ಲ. ಅಮೆರಿಕದ ಮೊದಲ ತಟ್ಟೆಯಲ್ಲಿ ಹನ್ನೊಂದು ಹಾಡುಗಳಿದ್ದವು. ಅವುಗಳಲ್ಲಿ ಡಚ್ ತಂಡವಾದ ಶಾಕಿಂಗ್ ಬ್ಲೂನ ಹಾಡನ್ನು ಮರುನುಡಿಸಿದ ‘ಲವ್ ಬಜ್’ ಒಂದು. ಇಂಗ್ಲೆಂಡಿನ ಮುದ್ರಣದಲ್ಲಿ ಅದರ ಸ್ಥಾನದಲ್ಲಿ ‘ಬಿಗ್ ಚೀಸ್’ ಇತ್ತು. ಮುಂದೆ ಬಂದ ಸಿಡಿಯಲ್ಲಿ ‘ಬಿಗ್ ಚೀಸ್’ ಮತ್ತು ‘ಡೌನರ್’ ಎರಡೂ ಸೇರಿ ಹದಿಮೂರಾದವು. ಹೊದಿಕೆಯೂ ಕೇಳುಗನನ್ನು ಸ್ವಲ್ಪ ದಾರಿ ತಪ್ಪಿಸುತ್ತದೆ. ಅದರ ಮೇಲೆ ಜೇಸನ್ ಎವರ್‌ಮನ್ ಅವರ ಹೆಸರು ಎರಡನೆಯ ಗಿಟಾರ್ ವಾದಕರಾಗಿ ಮುದ್ರಿತವಾಗಿದೆ, ಚಿತ್ರದಲ್ಲಿಯೂ ಅವರಿದ್ದಾರೆ. ಆದರೆ ಇಡೀ ಧ್ವನಿಮುದ್ರಿಕೆಯಲ್ಲಿ ಅವರು ಒಂದು ಸ್ವರವನ್ನೂ ನುಡಿಸಿಲ್ಲ. ಆ 606 ಡಾಲರುಗಳನ್ನು ಕೊಟ್ಟವರು ಅವರು. ಹೆಸರು ಹಾಕಿದ್ದು ಕೃತಜ್ಞತೆಯಿಂದ. ಹೊದಿಕೆಯನ್ನು ಓದುತ್ತ ಕೇಳಿದವನು ತಾನು ಇಬ್ಬರ ಗಿಟಾರ್ ಕೇಳಿದೆನೆಂದು ಪ್ರಾಮಾಣಿಕವಾಗಿ ನೆನೆಸಿಕೊಂಡರೆ ಆಶ್ಚರ್ಯವಿಲ್ಲ. ನೆನಪು ಸುಳ್ಳಾಡದೆಯೂ ತಪ್ಪಬಲ್ಲುದು.

ಮೂರೂ ಬಗೆಯ ನೆನಪುಗಳು ಕೂಡುವ ಸ್ಥಳವೊಂದಿದೆ. ಅದು ಮೂರನೆಯ ಹಾಡಾದ ‘ಅಬೌಟ್ ಎ ಗರ್ಲ್’. ಒಂದು ಮಧ್ಯಾಹ್ನವೆಲ್ಲ ಬೀಟಲ್ಸ್ ತಂಡದ ಹಳೆಯ ಧ್ವನಿಮುದ್ರಿಕೆಯನ್ನು ಕೇಳಿ ಕೊಬೇನ್ ಬರೆದ ಹಾಡು ಇದು. ಭಾರವಾದ ಸದ್ದನ್ನೇ ನಿರೀಕ್ಷಿಸುತ್ತಿದ್ದ ಗುಂಪಿನ ನಡುವೆ ಇಂಥ ಇಂಪಾದ ಹಾಡನ್ನು ಸೇರಿಸಲು ಅವರಿಗೆ ಅಳುಕಿತ್ತು. ಮೊದಲೇ ಬಂದವರಿಗೆ ಇದು ಹೊಂದದ ಹಾಡಾಗಿ ಕಂಡಿತು. ಹಿಮ್ಮುಖವಾಗಿ ಬಂದವರಿಗೆ ಕೃತಿಯೊಳಗೆ ಹೋಗುವ ಬಾಗಿಲಾಯಿತು. 1993ರ ನವೆಂಬರ್ 18ರಂದು ನ್ಯೂಯಾರ್ಕಿನಲ್ಲಿ ಎಂಟಿವಿಗಾಗಿ ನಡೆದ ಅನ್‌ಪ್ಲಗ್ಡ್ ಕಛೇರಿಯನ್ನು ತಂಡವು ಆರಂಭಿಸಿದ್ದು ಈ ಹಾಡಿನಿಂದಲೇ. ಇದು ತಮ್ಮ ಮೊದಲ ಧ್ವನಿಮುದ್ರಿಕೆಯದು, ಬಹಳ ಮಂದಿಯ ಬಳಿ ಅದಿಲ್ಲ ಎಂಬ ಅರ್ಥದ ಮಾತನ್ನು ಕೊಬೇನ್ ನಸುವ್ಯಂಗ್ಯದಿಂದ ಆಡಿದರು. ಮರುವರ್ಷ ಆ ಕಛೇರಿ ಧ್ವನಿಮುದ್ರಿಕೆಯಾಗಿ ಬಂದಾಗ ಅಸಂಖ್ಯ ಕೇಳುಗರು ‘ಬ್ಲೀಚ್’ನ ಒಂದು ಹಾಡನ್ನು ಅದರ ಸದ್ದಿಲ್ಲದೆ ಮೊದಲು ಕೇಳಿದರು. ಮೂಲಕ್ಕೆ ಹೋದಾಗ ಅದೇ ರಾಗ ಕೆಸರಿನೊಳಗಿಂದ ಎದ್ದುಬಂದಂತೆ ಕೇಳಿಸಿತು. ಹಾಡು ಒಂದೇ, ಕೇಳುವ ಕ್ರಮ ಬದಲಾದಂತೆ ಅದು ಅಪವಾದವೂ ಆಗಬಲ್ಲುದು, ಆರಂಭವೂ ಆಗಬಲ್ಲುದು.

ಕೃತಿಕಾರನೂ ಮೊದಲು ಅಭಿಮಾನಿಯೇ ಎಂಬುದನ್ನು ಇಲ್ಲಿ ಮರೆಯಬಾರದು. ಅಬರ್ಡೀನಿಗೆ ಹತ್ತಿರದ ಮಾಂಟೆಸಾನೊ ಎಂಬ ಊರಿನಲ್ಲಿ, ದಿನಸಿ ಅಂಗಡಿಯೊಂದರ ಹಿಂದೆ ವಾಹನ ನಿಲ್ಲಿಸುವ ಬಯಲಿನಲ್ಲಿ, ಮೆಲ್ವಿನ್ಸ್ ತಂಡದವರು ಹಣವಿಲ್ಲದೆ ನುಡಿಸಿದ್ದನ್ನು ಹದಿಹರೆಯದ ಕೊಬೇನ್ ಕೇಳಿದರು. ತಾನು ಹುಡುಕುತ್ತಿದ್ದದ್ದು ಇದೇ ಎಂದು ಆಗ ಅನಿಸಿದ್ದನ್ನು ಅವರು ಬರೆದಿಟ್ಟಿದ್ದಾರೆ. ಆ ತಂಡದ ಬಜ್ ಆಸ್ಬಾರ್ನ್ ಪಂಕ್ ಹಾಡುಗಳ ಕ್ಯಾಸೆಟ್ಟುಗಳನ್ನು ತುಂಬಿಸಿಕೊಟ್ಟು ಅವರ ಕಿವಿಯನ್ನು ತಿದ್ದಿದರು. ಅದೇ ತಂಡದ ಡೇಲ್ ಕ್ರೋವರ್ ‘ಬ್ಲೀಚ್’ನ ಕೆಲವು ಹಾಡುಗಳಿಗೆ ಡ್ರಮ್ಸ್ ನುಡಿಸಿದ್ದಾರೆ. ಹೀಗೆ ನೋಡಿದರೆ ‘ಬ್ಲೀಚ್’ ಎಂಬುದೇ ಒಂದು ಅಭಿಮಾನದ ನೆನಪು ನಾದರೂಪ ತಾಳಿದ್ದು. ಕೇಳುಗರ ನೆನಪುಗಳು ಅದಕ್ಕೆ ಹೊರಗಿನಿಂದ ಅಂಟಿದವಲ್ಲ. ಕೃತಿ ಹುಟ್ಟಿದ ಬಗೆಯಲ್ಲಿಯೇ ಅವುಗಳ ಬೀಜವಿದೆ.

ಹಾಗೆಂದು ನೆನಪಿನ ಸವಿಯನ್ನು ಕೃತಿಯ ಬೆಲೆಯೆಂದು ಲೆಕ್ಕ ಹಾಕಲಾಗದು. ‘ಬ್ಲೀಚ್’ನಲ್ಲಿ ಕೊರತೆಗಳಿವೆ. ದ್ವಿತೀಯಾರ್ಧದ ಹಾಡುಗಳು ಒಂದರೊಳಗೊಂದು ಕಲಸಿಹೋಗುತ್ತವೆ. ಕೊನೆಯ ‘ಸಿಫ್ಟಿಂಗ್’ ತನ್ನ ಉದ್ದವನ್ನು ಸಮರ್ಥಿಸಿಕೊಳ್ಳುವುದಿಲ್ಲ. ಸಾಹಿತ್ಯ ಎಷ್ಟೋ ಕಡೆ ಬಾಯಿಗೆ ಬಂದ ಮಾತಿನ ಪುನರಾವೃತ್ತಿ. ಆದರೆ ‘ಸ್ಕೂಲ್’ ಎಂಬ ಹಾಡಿನಲ್ಲಿ ಅದೇ ಪುನರಾವೃತ್ತಿ ಗುಣವಾಗಿದೆ. ಬೆರಳೆಣಿಕೆಯ ಮಾತುಗಳನ್ನು ಮತ್ತೆ ಮತ್ತೆ ಕೂಗುವ ಆ ಹಾಡು, ಬಿಟ್ಟುಬಂದೆನೆಂದುಕೊಂಡ ಶಾಲೆಯ ಗುಂಪುಗಾರಿಕೆಯನ್ನು ಸಿಯಾಟಲ್‌ನ ಸಂಗೀತಗಾರರ ನಡುವೆಯೂ ಕಂಡವನ ಬೇಸರ. ಬೇಸರಕ್ಕೆ ಹೆಚ್ಚು ಪದ ಬೇಡವೆಂಬುದನ್ನು ಅದು ತೋರಿಸಿಕೊಟ್ಟಿದೆ. ನಮ್ಮ ನುಡಿಯಲ್ಲಿ ನಿರ್ವಾಣ ಎಂಬ ಪದಕ್ಕೆ ಮೋಕ್ಷವೆಂಬ ಅರ್ಥದೊಡನೆ ಬತ್ತಲೆ ಎಂಬ ಅರ್ಥವೂ ಉಂಟು. ತಂಡದವರಿಗೆ ತಿಳಿಯದ ಈ ಎರಡನೆಯ ಅರ್ಥವೇ ‘ಬ್ಲೀಚ್’ಗೆ ಹೆಚ್ಚು ಹೊಂದುತ್ತದೆ. ಉಡುಗೆ ತೊಡಿಸಲು ಹಣವೂ ಸಮಯವೂ ಇಲ್ಲದ ನಾದ ಅದು. ಆ ಬಡತನವನ್ನು ಅದು ಮುಚ್ಚಿಕೊಳ್ಳಲು ಹೋಗಲಿಲ್ಲ.

ಅಭಿಮಾನಿಗಳ ನೆನಪುಗಳನ್ನು ವಿಮರ್ಶೆ ತಳ್ಳಿಹಾಕಬೇಕಿಲ್ಲ, ತೀರ್ಪೆಂದು ಸ್ವೀಕರಿಸಬೇಕಾಗಿಯೂ ಇಲ್ಲ, ಸಾಕ್ಷ್ಯವೆಂದು ಕೇಳಿಸಿಕೊಳ್ಳಬೇಕು. ಮೊದಲೇ ಬಂದವರ ಸಾಕ್ಷ್ಯದಿಂದ ಕೃತಿ ಹುಟ್ಟಿದ ಪರಿಸರ ತಿಳಿಯುತ್ತದೆ. ತಡವಾಗಿ ಬಂದವರ ಸಾಕ್ಷ್ಯದಿಂದ ಅದು ಪರಿಸರವನ್ನು ದಾಟಿ ಎಷ್ಟು ದೂರ ಬಂದಿತೆಂಬುದು ತಿಳಿಯುತ್ತದೆ. ಸಾವಿನ ಅನಂತರ ಬಂದವರ ಸಾಕ್ಷ್ಯದಿಂದ ಕೃತಿಗಿಂತ ಕೇಳುಗನ ದುಃಖ ಹೆಚ್ಚು ತಿಳಿಯುತ್ತದೆ. ಇವನ್ನು ಒಂದರಿಂದೊಂದು ಬೇರ್ಪಡಿಸಿ, ಮತ್ತೆ ಕೃತಿಯ ಬಳಿಗೆ ಹೋಗುವುದು ಸಹೃದಯನ ಹೊಣೆ. ಹಾಗೆ ಹೋದಾಗ ‘ಬ್ಲೀಚ್’ನಲ್ಲಿ ನಮಗೆ ಕೇಳಿಸುವುದು ರಹಸ್ಯವೂ ಅಲ್ಲ, ಭವಿಷ್ಯವೂ ಅಲ್ಲ, ಮಹಾನಗರದಿಂದ ದೂರದ ಊರೊಂದರ ತರುಣರು ತಮ್ಮ ಊರಿನ ಬೇಸರವನ್ನು ತಮ್ಮದೇ ದನಿಯಲ್ಲಿ, ಕೈಯಲ್ಲಿದ್ದಷ್ಟು ಸಾಧನದಲ್ಲಿ ನುಡಿಸಿದ ಧೈರ್ಯ. ಅದನ್ನು ಯಾವ ವರ್ಷ ಕೇಳಿದೆವೆಂಬುದು ನಮ್ಮ ಕಥೆ. ಆ ಧೈರ್ಯವನ್ನು ಗುರುತಿಸಲು ಮಾತ್ರ ಯಾವ ವರ್ಷವೂ ತಡವಲ್ಲ.