ಮರೆತ ಮಂತ್ರಿ, ಮರೆಯದ ಟಿಪ್ಪಣಿ

ಬೇಸಿಗೆ ರಜೆಗೆ ಬಂದಿದ್ದ ಅಣ್ಣನ ಮಗಳು ಕಪಾಟಿನಿಂದ ಪಿ. ಲಂಕೇಶರ ವಾರಪತ್ರಿಕೆ ಅಂಕಣ ‘ಟೀಕೆ ಟಿಪ್ಪಣಿ’ಯ ಸಂಪುಟವೊಂದನ್ನು ಎಳೆದುಕೊಂಡು ಜಗಲಿಯಲ್ಲಿ ಕೂತಿದ್ದಳು. ಅವಳಿಗೆ ಹತ್ತೊಂಬತ್ತು ವರ್ಷ. ಸ್ವಲ್ಪ ಹೊತ್ತಿಗೆ ಅಲ್ಲಿಂದಲೇ ಕೂಗಿದಳು: “ಚಿಕ್ಕಪ್ಪಾ, ಈ ಗುಂಡೂರಾವ್ ಅಂದ್ರೆ ಯಾರು?” ನಾನು ಹೊರಗೆ ಬಂದು, 1980ರಿಂದ 1983ರ ಜನವರಿಯವರೆಗೆ ನಮ್ಮ ಮುಖ್ಯಮಂತ್ರಿಯಾಗಿದ್ದವರು ಎಂದು ಶುರು ಮಾಡುವಷ್ಟರಲ್ಲಿ ಅವಳು ಹಾಳೆ ಮಗುಚಿ ಮುಂದೆ ಹೋಗಿಯಾಗಿತ್ತು. ಓದು ಮುಂದುವರಿಸಲು ನನ್ನ ಉತ್ತರವೇನೂ ಬೇಕಿರಲಿಲ್ಲ.

ವಾರಪತ್ರಿಕೆಯ ಅಂಕಣಕ್ಕೆ ಇರುವ ಆಯುಸ್ಸೇ ಏಳು ದಿನ. ಎಂಟನೆಯ ದಿನ ಅದು ಕಡಲೆಕಾಯಿ ಪೊಟ್ಟಣ. ಬರೆದವರು ಕಣ್ಮುಚ್ಚಿ ಇಪ್ಪತ್ತೈದು ವರ್ಷ ದಾಟಿದೆ, ಬೈಸಿಕೊಂಡವರಲ್ಲಿ ಬಹುಪಾಲು ಜನರೂ ಈಗಿಲ್ಲ. ಆದರೂ ಈ ಟಿಪ್ಪಣಿಗಳು ಓದಿಸಿಕೊಳ್ಳುತ್ತವೆ. ಧೈರ್ಯ, ನಿಷ್ಠುರತೆ ಎಂದು ಇದಕ್ಕೆ ಸುಲಭದ ಕಾರಣ ಕೊಟ್ಟುಬಿಡುವುದುಂಟು. ನನಗದು ಸಾಲದು. ಧೈರ್ಯವಾಗಿ ಬರೆದೂ ಹಳಸಿಹೋದ ಪುಟಗಳು ನಮ್ಮ ಗ್ರಂಥಾಲಯಗಳಲ್ಲಿ ಕಟ್ಟುಗಟ್ಟಲೆ ಇವೆ.

ಶಿವಮೊಗ್ಗ ಜಿಲ್ಲೆಯ ಕೊನಗವಳ್ಳಿಯಲ್ಲಿ 1935ರಲ್ಲಿ ಹುಟ್ಟಿದ ಲಂಕೇಶ್ ಪತ್ರಿಕೆ ಶುರು ಮಾಡುವ ಹೊತ್ತಿಗೆ ಇಂಗ್ಲಿಷ್ ಮೇಷ್ಟರಾಗಿದ್ದವರು, ‘ಬಿರುಕು’ ಕಾದಂಬರಿ, ‘ಸಂಕ್ರಾಂತಿ’ ನಾಟಕ ಬರೆದವರು, ಫ್ರೆಂಚ್ ಕವಿ ಬೋದಿಲೇರನನ್ನು ‘ಪಾಪದ ಹೂಗಳು’ ಎಂದು ಕನ್ನಡಕ್ಕೆ ತಂದವರು, ‘ಪಲ್ಲವಿ’ ಚಿತ್ರಕ್ಕೆ ನಿರ್ದೇಶನದ ರಾಷ್ಟ್ರಪ್ರಶಸ್ತಿ ಪಡೆದವರು. 1980ರಲ್ಲಿ ಅವರು ‘ಲಂಕೇಶ್ ಪತ್ರಿಕೆ’ ತಂದಾಗ ಅದರಲ್ಲಿ ಜಾಹೀರಾತು ಇರಲಿಲ್ಲ. ಓದುಗ ಅಂಗಡಿಯಲ್ಲಿ ಎಣಿಸಿ ಕೊಡುವ ಚಿಲ್ಲರೆಯ ಮೇಲೇ ಅದು ನಡೆಯಬೇಕಿತ್ತು. ಮಂತ್ರಿಯ ಹಗರಣ ಓದಲೆಂದು ಬಸ್‌ಸ್ಟ್ಯಾಂಡಿನಲ್ಲಿ ಪತ್ರಿಕೆ ಕೊಂಡವನು ಅದೇ ಬೆಲೆಗೆ ಕಾವ್ಯದ ಮಾತನ್ನೂ ಮನೆಗೆ ಒಯ್ದ. ಸಾಹಿತ್ಯಕ್ಕಾಗಿ ಕೊಂಡವನು ಬೇಕೋ ಬೇಡವೋ ಜಾತಿಯ ಪ್ರಶ್ನೆಯನ್ನು ಎದುರಿಸಿದ.

ಆ ಕಾಲದ ಪತ್ರಿಕಾ ಸಂಪಾದಕೀಯಗಳನ್ನು ಪಕ್ಕದಲ್ಲಿಟ್ಟು ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಮಾತಾಡುವುದು ‘ನಾವು’. ಆ ‘ನಾವು’ಗೆ ಮುಖವಿಲ್ಲ. ಅದು ಒಂದು ಕ್ರಮವನ್ನು ‘ಶ್ಲಾಘನೀಯ’ ಎನ್ನುತ್ತದೆ, ಇನ್ನೊಂದನ್ನು ‘ಖಂಡನೀಯ’ ಎನ್ನುತ್ತದೆ. ಎರಡಕ್ಕೂ ದನಿ ಒಂದೇ. ‘ಟೀಕೆ ಟಿಪ್ಪಣಿ’ಯಲ್ಲಿ ಮಾತಾಡುವುದು ‘ನಾನು’. ಈ ‘ನಾನು’ಗೆ ಹಳ್ಳಿಯ ನೆನಪಿದೆ, ಸಿಟ್ಟಿದೆ, ಸಣ್ಣತನವೂ ಇದೆ, ಅದು ತನ್ನನ್ನೇ ಗೇಲಿ ಮಾಡಿಕೊಳ್ಳುತ್ತದೆ. ವಾಕ್ಯ ಚಿಕ್ಕದು. ಸಂಸ್ಕೃತದ ಭಾರಿ ಪದ ಬಂದರೆ ಅದು ಸಾಮಾನ್ಯವಾಗಿ ಯಾರನ್ನೋ ಕಿಚಾಯಿಸಲು ಬಂದಿರುತ್ತದೆ.

ಬಾಳಿಕೆಯ ಗುಟ್ಟು ಇನ್ನೂ ಒಳಗಿದೆ. ಸಾಹಿತ್ಯಕ್ಕೊಂದು, ರಾಜಕೀಯಕ್ಕೊಂದು, ಸಮಾಜಕ್ಕೊಂದು ಎಂದು ಮೂರು ಕನ್ನಡಕ ಲಂಕೇಶರ ಬಳಿ ಇರಲಿಲ್ಲ. ಪಾತ್ರವೊಂದಕ್ಕೆ ಕತೆಗಾರ ಕೇಳುವ ಪ್ರಶ್ನೆಯನ್ನೇ ಅವರು ರಾಜಕಾರಣಿಗೂ ಕೇಳಿದರು: ಈ ಮನುಷ್ಯ ಬದುಕುತ್ತಿದ್ದಾನೋ, ನಟಿಸುತ್ತಿದ್ದಾನೋ? ಅವನ ಭಯ ಯಾವುದು? ಅಧಿಕಾರ ಅವನ ಭಾಷೆಯನ್ನು ಏನು ಮಾಡಿತು? ಅತ್ತ ಕವಿಯ ಎದುರು ಕೂತಾಗ ರಾಜಕೀಯದ ಪ್ರಶ್ನೆ ಹೊರಬರುತ್ತಿತ್ತು: ಈ ಚೆಂದದ ಮಾತು ಯಾರ ಪರ, ಇದರಲ್ಲಿ ಯಾರು ಕಾಣುತ್ತಲೇ ಇಲ್ಲ? ಹೀಗೆ ಪ್ರಶ್ನೆಗಳು ಅದಲುಬದಲಾದ್ದರಿಂದ ಮಂತ್ರಿಯೊಬ್ಬ ಸುದ್ದಿಯಿಂದ ಕಳಚಿಕೊಂಡು ಪಾತ್ರವಾದ. ಖಾತೆ ಹೋದ ಮಂತ್ರಿ ಮರೆತುಹೋಗುತ್ತಾನೆ, ಪಾತ್ರ ಉಳಿಯುತ್ತದೆ. ಗುಂಡೂರಾವ್ ಯಾರೆಂದು ತಿಳಿಯದೆಯೂ ಹುಡುಗಿ ಹಾಳೆ ಮಗುಚಿದ್ದು ಅದಕ್ಕೇ.

ಇದೇ ಕಣ್ಣು ಪತ್ರಿಕೆಯ ಉಳಿದ ಪುಟಗಳಲ್ಲೂ ಕೆಲಸ ಮಾಡಿತು. ಸಾರಾ ಅಬೂಬಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಇಲ್ಲಿ ಧಾರಾವಾಹಿಯಾಗಿ ಬಂತು. 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಪಡೆದ ಬಾನು ಮುಷ್ತಾಕ್ ಹಿಂದೊಮ್ಮೆ ಇದೇ ಪತ್ರಿಕೆಗೆ ವರದಿ ಬರೆಯುತ್ತಿದ್ದರು. ಮುಸ್ಲಿಂ ಹೆಣ್ಣುಮಗಳ ತಲಾಖಿನ ಸಂಕಟವೂ ವಿಧಾನಸೌಧದ ಜಗಳವೂ ಒಂದೇ ಸಂಚಿಕೆಯಲ್ಲಿ ಸಮಾನ ಗಾಂಭೀರ್ಯ ಪಡೆದದ್ದು ಕನ್ನಡ ಪತ್ರಿಕೋದ್ಯಮದಲ್ಲಿ ಸಣ್ಣ ಸಂಗತಿಯಲ್ಲ.

ಆದರೆ ಈ ಕಣ್ಣಿಗೂ ಪೊರೆ ಇತ್ತು. ಎಲ್ಲವನ್ನೂ ಮನುಷ್ಯನ ಗುಣವಾಗಿ ನೋಡುವವನಿಗೆ ವ್ಯವಸ್ಥೆ ಮಸುಕಾಗುತ್ತದೆ. ಮುಖ್ಯಮಂತ್ರಿ ದೇವರಾಜ ಅರಸು ಕಾಲದ ಭೂಸುಧಾರಣೆ ಹೇಗೆ ನಡೆಯಿತು, ಹಿಂದುಳಿದ ವರ್ಗಗಳ ಕುರಿತ ಹಾವನೂರು ಆಯೋಗದ ವರದಿ ಯಾರ ಮನೆಯಲ್ಲಿ ಏನನ್ನು ಬದಲಿಸಿತು ಎಂದು ತಿಳಿಯಲು ‘ಟೀಕೆ ಟಿಪ್ಪಣಿ’ ತೆರೆದವರಿಗೆ ಅರಸು ಎಂಬ ವ್ಯಕ್ತಿ ಸಿಕ್ಕಾರು, ಭೂ ಟ್ರಿಬ್ಯೂನಲ್ಲಿನ ಕಟ್ಟೆಯ ಮೇಲೆ ಕಾಗದ ಹಿಡಿದು ಕಾದ ಗೇಣಿದಾರ ಸಿಗುವುದು ಕಷ್ಟ. ವಾರವಾರದ ಅವಸರದಲ್ಲಿ ವ್ಯಕ್ತಿಚಿತ್ರ ವ್ಯಕ್ತಿನಿಂದೆಗೆ ಜಾರಿದ್ದೂ ಇದೆ. ಅಡ್ಡಹೆಸರಿನ ನಗೆ ಆ ವಾರಕ್ಕೆ ರುಚಿಸಿರಬಹುದು, ಪುಸ್ತಕದಲ್ಲಿ ಅದು ಹುಳಿಯುತ್ತದೆ. ಗುಂಡೂರಾವ್ ನಂತರ ಮುಖ್ಯಮಂತ್ರಿಯಾದ ರಾಮಕೃಷ್ಣ ಹೆಗಡೆಯವರನ್ನು ಮೊದಲು ಆಸೆಯಿಂದ ನೋಡಿ ಆಮೇಲೆ ಕಟುವಾಗಿ ಟೀಕಿಸಿದ್ದನ್ನು ಕೆಲವರು ಚಂಚಲತೆ ಎಂದರು. ಅದು ನನಗೆ ದೋಷವಾಗಿ ಕಾಣುವುದಿಲ್ಲ. ಮನಸ್ಸು ಬದಲಾದದ್ದು ಬರಹದಲ್ಲೇ ಕಾಣುತ್ತದೆ, ಮುಚ್ಚಿಟ್ಟಿಲ್ಲ.

ಸಂಪುಟಗಳನ್ನು ಒಂದೇ ಉಸಿರಿಗೆ ಓದಬಾರದು. ಹಾಗೆ ಓದಿದರೆ ಅದೇ ಸಿಟ್ಟು, ಅದೇ ವಿಷಾದ ಮತ್ತೆ ಮತ್ತೆ ಎದುರಾಗಿ ದಣಿವಾಗುತ್ತದೆ. ವಾರಕ್ಕೊಂದರಂತೆ ಬರೆದದ್ದನ್ನು ವಾರಕ್ಕೊಂದರಂತೆಯೇ ಓದಬೇಕು, ನಡುವೆ ನಮ್ಮ ಕಾಲದ ಸುದ್ದಿಗೂ ಜಾಗ ಬಿಟ್ಟು.

ಸಂಜೆ ಹುಡುಗಿ ಪುಸ್ತಕ ಮಡಚಿ ಒಳಗೆ ಬಂದಳು. ಹೆಂಗಸರ ಬಗ್ಗೆ ಬರೆದ ಒಂದು ಸಾಲು ಅವಳಿಗೆ ಸರಿಬಂದಿರಲಿಲ್ಲ. “ಇದನ್ನ ಹೀಗೆ ಬರೀಬಾರದಿತ್ತು ಇವರು” ಎಂದು ಊಟಕ್ಕೆ ಕೂತಾಗಲೂ ವಾದ ಮಾಡಿದಳು. ಕೈತೊಳೆದವಳೇ ಮತ್ತೆ ಅದೇ ಪುಸ್ತಕ ಎತ್ತಿಕೊಂಡಳು.