ಅಡಿಕೆಗೆ ದರ್ಜೆ, ಸಿಬ್ಬಂದಿಗೆ ದಾಕ್ಷಿಣ್ಯ

ಮರ್ಕಂಜದ ಕೃಷಿಕರು ಸುಳ್ಯದ ಅಂಗಡಿಗೆ ಅಡಿಕೆ ತಂದರೆ ತೂಕಕ್ಕೆ ಮೊದಲು ಪರೀಕ್ಷೆ ನಡೆಯುತ್ತದೆ. ಗೋಣಿಯ ಬಾಯಿ ಬಿಚ್ಚಿ, ಒಂದು ಹಿಡಿ ಹೊರತೆಗೆದು, ಒಂದೆರಡನ್ನು ತುಂಡರಿಸಿ ಒಳಗಿನ ಬಣ್ಣ ನೋಡುತ್ತಾರೆ. ಹೊಸತು, ಹಳತು, ಪಟೋರ, ಉಳ್ಳಿಗಡ್ಡೆ, ಕೋಕ ಎಂದು ದರ್ಜೆ ಹೇಳುವುದು ತಂದವರ ಕಣ್ಣೆದುರಲ್ಲೇ. ಒಪ್ಪಿಗೆಯಾಗದವರು ವಾದಿಸುತ್ತಾರೆ; ಅದೂ ಸಾಲದಿದ್ದರೆ ಗೋಣಿ ಕಟ್ಟಿ ಪಕ್ಕದ ಅಂಗಡಿಗೆ ನಡೆಯುತ್ತಾರೆ. 1973ರಲ್ಲಿ ಹುಟ್ಟಿದ, ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ಧಾರಣೆ ಪತ್ರಿಕೆಯಲ್ಲೇ ಬರುವುದರಿಂದ ಯಾವ ದರ್ಜೆಗೆ ಎಷ್ಟು ಎಂಬುದೂ ಗುಟ್ಟಲ್ಲ.

ಆ ಅಡಿಕೆಯನ್ನು ಆಯುವವರ, ತೂಗುವವರ, ಲೆಕ್ಕ ಬರೆಯುವವರ ಕೆಲಸ ಯಾವ ದರ್ಜೆಯದು? ಅದನ್ನು ಅವರಿಗೇ ಎದುರು ಕೂರಿಸಿ ಹೇಳುವ ಪದ್ಧತಿ ಸಣ್ಣ ಸಂಸ್ಥೆಗಳಲ್ಲಿ ಬಲು ಅಪರೂಪ.

ಮೊಳಹಳ್ಳಿ ಶಿವರಾಯರ ಕಾಲದಿಂದ ಸಹಕಾರ ಬೇರೂರಿದ ನೆಲವಿದು. ಇಲ್ಲಿಯ ಸಹಕಾರಿ ಸಂಘಗಳ ವಾರ್ಷಿಕ ಮಹಾಸಭೆಗೆ ಹೋದವರಿಗೆ ಒಂದು ತಮಾಷೆ ಕಾಣಸಿಗುತ್ತದೆ. ಲೆಕ್ಕಪರಿಶೋಧನೆಯಲ್ಲಿ ಸಂಘಕ್ಕೆ ಬಂದದ್ದು ‘ಎ’ ತರಗತಿಯೋ ‘ಬಿ’ ತರಗತಿಯೋ ಎಂಬುದು ಮೈಕಿನಲ್ಲೇ ಘೋಷಣೆಯಾಗುತ್ತದೆ. ಸದಸ್ಯರು ಎದ್ದು ನಿಂತು ಸಾಲ ವಸೂಲಾತಿಯ ಶೇಕಡಾವಾರು ಕೇಳುತ್ತಾರೆ. ಸಿಬ್ಬಂದಿಯ ಪಾಲಿಗೆ ಬರುವುದು ವರದಿಯ ಕೊನೆಯ ಒಂದೇ ಸಾಲು: ಎಲ್ಲರ ಸಹಕಾರಕ್ಕೆ ಧನ್ಯವಾದ. ಚೆನ್ನಾಗಿ ದುಡಿದವರಿಗೂ ಕಾಲ ಕಳೆದವರಿಗೂ ಅದೇ ಧನ್ಯವಾದ.

ಇದಕ್ಕೆ ಉದಾಸೀನ ಕಾರಣವಲ್ಲ, ದಾಕ್ಷಿಣ್ಯ. ಐದಾರು ಮಂದಿಯ ಅಂಗಡಿಯಲ್ಲಿ ಲೆಕ್ಕ ಬರೆಯುವ ಹುಡುಗ ಯಜಮಾನರ ಅತ್ತೆಯ ಊರಿನವನು. ಇಬ್ಬರೂ ಒಂದೇ ಜಾತ್ರೆಗೆ, ಒಂದೇ ನೇಮಕ್ಕೆ ಹೋಗುವವರು. ಬೆಳಿಗ್ಗೆ ಆಕ್ಷೇಪಿಸಿ ಸಂಜೆ ಅದೇ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು ಹೇಗೆ? ಹಾಗೆಂದು ಮೌಲ್ಯಮಾಪನ ನಡೆಯುವುದೇ ಇಲ್ಲ ಎಂದುಕೊಂಡರೆ ತಪ್ಪು. ಅದು ದಿನವೂ ನಡೆಯುತ್ತದೆ, ಚಾ ಅಂಗಡಿಯಲ್ಲಿ, ಸಂಬಂಧಪಟ್ಟವರ ಬೆನ್ನ ಹಿಂದೆ. ಅವರ ಕಿವಿಗೆ ಬೀಳುವ ಹೊತ್ತಿಗೆ ಮಾತಿಗೆ ಬಾಲ, ಕೊಂಬು ಎರಡೂ ಬಂದಿರುತ್ತವೆ.

ಎದುರು ಆಡದ ಮಾತನ್ನು ಹಣ ಆಡುತ್ತದೆ. ಬೋನಸ್ ಕಾನೂನಿನ ಕನಿಷ್ಠ ಶೇ. 8.33 ಸಾಮಾನ್ಯವಾಗಿ 20 ಅಥವಾ ಹೆಚ್ಚು ನೌಕರರಿರುವಲ್ಲಿಗೆ ಅನ್ವಯಿಸುವಂಥದ್ದು. ಅದಕ್ಕಿಂತ ಸಣ್ಣ ಸಂಸ್ಥೆಯಲ್ಲಿ ದೀಪಾವಳಿಯ ಕವರು ಯಜಮಾನರ ಮರ್ಜಿ. ಕಳೆದ ವರ್ಷಕ್ಕಿಂತ ಐನೂರು ಕಡಿಮೆ ಇದ್ದರೆ ಅದು ತಪ್ಪಿಗೋ, ಅಡಿಕೆ ಧಾರಣೆ ಇಳಿದದ್ದಕ್ಕೋ ತಿಳಿಯದೆ ನೌಕರರು ತಲೆ ಕೆಡಿಸಿಕೊಳ್ಳುತ್ತಾರೆ.

ಸರ್ಕಾರಿ ಕಚೇರಿಗಳೂ ಎದುರು ಹೇಳದ ಈ ರೋಗದಿಂದ ಬಹುಕಾಲ ನರಳಿದವು. ಅಲ್ಲಿ ಅದರ ಹೆಸರೇ ಗೋಪ್ಯ ವರದಿ. ಗಡಿ ರಸ್ತೆಗಳ ಸೇವೆಯಲ್ಲಿದ್ದ ದೇವ್ ದತ್ ಎಂಬ ಎಂಜಿನಿಯರ್‌ಗೆ 1993–94ರ ವರದಿಯಲ್ಲಿ ‘ಉತ್ತಮ’ ಎಂದು ಬರೆದಿದ್ದರು. ಬಡ್ತಿಗೆ ಬೇಕಿದ್ದದ್ದು ‘ಅತ್ಯುತ್ತಮ’. ಹೊಗಳಿಕೆಯಂತೆ ಕಾಣುವ ಶಬ್ದವೇ ಅವರ ದಾರಿಗೆ ಅಡ್ಡ ಬಿತ್ತು, ಅದೂ ಅವರಿಗೆ ತಿಳಿಸದೆ. 2008ರಲ್ಲಿ ಸುಪ್ರೀಂ ಕೋರ್ಟ್, ಕೆಟ್ಟದ್ದಷ್ಟೇ ಅಲ್ಲ, ಪ್ರತಿಯೊಂದು ಷರಾವನ್ನೂ ನೌಕರನಿಗೆ ತಿಳಿಸಬೇಕು ಎಂದಿತು. ಅಡಿಕೆ ತಂದವರಿಗೆ ಹಿಂದಿನಿಂದಲೂ ಇದ್ದ ಹಕ್ಕು ನೌಕರರಿಗೆ ಸಿಗಲು ಕೋರ್ಟು ಬೇಕಾಯಿತು.

ಇನ್ನು ಕೆಲವು ಯಜಮಾನರು ಬೆಂಗಳೂರಿನಿಂದ ಮೌಲ್ಯಮಾಪನದ ಫಾರಂ ತರಿಸುತ್ತಾರೆ. ‘ನಾಯಕತ್ವ ಗುಣ’ಕ್ಕೆ ಐದರಲ್ಲಿ ಎಷ್ಟು ಎಂದು ಗೊಬ್ಬರದ ಮೂಟೆ ಇಳಿಸುವವರಿಗೂ ಅಂಕ! ಅದಕ್ಕಿಂತ ಅಪಾಯದ್ದು, ಇಷ್ಟು ಮಂದಿ ಮೇಲೆ, ಇಷ್ಟು ಮಂದಿ ಕೆಳಗೆ ಇರಲೇಬೇಕೆಂಬ ‘ಬೆಲ್ ಕರ್ವ್’ ಹಂಚಿಕೆ. ಲಕ್ಷಕ್ಕೆ ಹತ್ತಿರ ನೌಕರರಿದ್ದ ಮೈಕ್ರೋಸಾಫ್ಟೇ ಇಂಥ ಕಡ್ಡಾಯ ಶ್ರೇಣಿಯನ್ನು 2013ರಲ್ಲಿ ಕೈಬಿಟ್ಟಿತು. ಆರು ಮಂದಿಯಲ್ಲಿ ಒಬ್ಬರು ಕೊನೆಯವರಾಗಲೇಬೇಕು ಎಂದರೆ ಅದು ಮೌಲ್ಯಮಾಪನವಲ್ಲ, ಕುರ್ಚಿ ಆಟ.

ಅಂಕಿಯನ್ನೇ ನಂಬಿದರೆ ಏನಾಗುತ್ತದೆಂಬುದಕ್ಕೆ ಸುಳ್ಯದ ರಬ್ಬರ್ ತೋಟಗಳಲ್ಲೇ ಉತ್ತರವಿದೆ. 1964ರ ಸಿರಿಮಾ–ಶಾಸ್ತ್ರಿ ಒಪ್ಪಂದದ ನಂತರ ಶ್ರೀಲಂಕಾದಿಂದ ಬಂದ ತಮಿಳು ಕುಟುಂಬಗಳು ಅರಣ್ಯ ಅಭಿವೃದ್ಧಿ ನಿಗಮದ ತೋಟಗಳಲ್ಲಿ ನೆಲೆ ನಿಂತ ಊರಿದು. ರಬ್ಬರ್ ಮರದ ತೊಗಟೆ ಕೆತ್ತಿ ಹಾಲಿಳಿಸುವ ಟ್ಯಾಪಿಂಗ್ ಇಲ್ಲಿ ಮನೆಮಾತು. ತಂದ ಹಾಲನ್ನು ತೂಗಬಹುದು, ಅದರಲ್ಲಿ ಒಣ ರಬ್ಬರ್ ಎಷ್ಟೆಂದು ಅಳೆಯಬಹುದು. ಆದರೆ ಆ ತೂಕದಲ್ಲಿ ಮರದ ತಳಿ, ವಯಸ್ಸು, ಮಳೆ ಎಲ್ಲವೂ ಸೇರಿರುತ್ತವೆ. ಆಳವಾಗಿ ಕತ್ತಿ ಹಾಯಿಸಿ ಇವತ್ತು ಹಾಲು ಹೆಚ್ಚಿಸಿದವರು ಮರಕ್ಕೆ ಗಾಯ ಮಾಡಿರುತ್ತಾರೆ. ಹೊಸ ತೊಗಟೆ ಗಂಟುಗಂಟಾಗಿ ಬೆಳೆದು ಮುಂದೆ ಅಲ್ಲಿ ಟ್ಯಾಪಿಂಗೇ ಕಷ್ಟ. ಅನುಭವಿ ಮೇಸ್ತ್ರಿ ತಕ್ಕಡಿಯ ಜೊತೆಗೆ ತೊಗಟೆಯನ್ನೂ ನೋಡುತ್ತಾರೆ, ಟ್ಯಾಪರ್ ಪಕ್ಕದಲ್ಲಿ ನಿಂತು, ಇದೇ ಮರ, ಇದೇ ಗಾಯ ಎಂದು ಬೆರಳಿಟ್ಟು ತೋರಿಸುತ್ತಾರೆ. ಯಾವ ಫಾರಮಿಗಿಂತಲೂ ಒಳ್ಳೆಯ ವಿಮರ್ಶೆ ಅದು. ‘ನಿನ್ನ ಕೆಲಸ ಸರಿಯಿಲ್ಲ’ ಎಂಬುದಕ್ಕೆ ಜಗಳವೇ ಉತ್ತರ. ‘ಈ ಮರ ನೋಡು’ ಎಂದರೆ ಇಬ್ಬರೂ ಮರವನ್ನೇ ನೋಡುತ್ತಾರೆ.

ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ನಡೆದು 1965ರಲ್ಲಿ ಪ್ರಕಟವಾದ ಅಧ್ಯಯನವೊಂದು ಇನ್ನೊಂದು ಮುಖ್ಯ ವಿಷಯ ಹೇಳಿತು: ಟೀಕೆಯ ಸುರಿಮಳೆಯಿಂದ ಕೆಲಸ ಸುಧಾರಿಸುವುದಿಲ್ಲ, ಸಂಬಳದ ಮಾತನ್ನೂ ಸುಧಾರಣೆಯ ಮಾತನ್ನೂ ಒಂದೇ ಬೈಠಕ್ಕಿನಲ್ಲಿ ಬೆರೆಸಬಾರದು. ಹಣದ ವಿಷಯ ಬಂದಕೂಡಲೇ ಕಿವಿ ಮುಚ್ಚಿಕೊಳ್ಳುತ್ತದೆ.

ಈ ಎರಡು ಮಾತುಗಳ ನಡುವೆ ಬೇಕಾದ ಅಂತರ ಇಲ್ಲಿಯ ಪಂಚಾಂಗದಲ್ಲೇ ಇದೆ. ತುಳುವರ ಆಟಿ ತಿಂಗಳ ಮಳೆಗೆ ತೋಟದ ಕೆಲಸ ನಿಲ್ಲುತ್ತದೆ, ಅಂಗಡಿಯ ವ್ಯಾಪಾರವೂ ತೆಳು. ದೀಪಾವಳಿಯ ಕವರಿಗೆ ಇನ್ನೂ ಎರಡು–ಮೂರು ತಿಂಗಳು. ವರ್ಷದ ಡೇಬುಕ್ ನಡುವೆ ಇಟ್ಟುಕೊಂಡು ಅರ್ಧ ಗಂಟೆ ಕೂರಲು ಅದೇ ಹೊತ್ತು. ಆಗ ಮಾರ್ಚಿನ ಪುಟಗಳಲ್ಲಿ ಲೆಕ್ಕ ತಪ್ಪಿದ್ದೇಕೆಂದು ಯಜಮಾನರು ಕೇಳಿಯಾರು. ಆ ಕಾಲದಲ್ಲಿ ಗೋಣಿ ಇಳಿಸುವುದೂ ಬಿಲ್ಲು ಬರೆಯುವುದೂ ತನ್ನೊಬ್ಬನ ತಲೆಗೇ ಬಿದ್ದಿತ್ತು, ಇನ್ನೊಂದು ಜನ ಬೇಕೆಂದು ಜನವರಿಯಲ್ಲೇ ಹೇಳಿದ್ದೆ ಎಂದು ಹುಡುಗನೂ ಅದೇ ಪುಟಕ್ಕೆ ಬೆರಳಿಟ್ಟಾನು.